ಕೊನೆಯ ಗೇರ್‌ವರೆಗೂ: ಚಿಕ್ಕ ಸ್ಪೋರ್ಟ್ಸ್ ಬೈಕ್‌ಗಳು ಬೆಳೆದು ಬಂದ ಬಗೆ

ಇಂದಿನ ಸಾವಿರ ಸಿಸಿ ಸ್ಪೋರ್ಟ್ಸ್ ಬೈಕ್ ಮೊದಲನೇ ಗೇರಿನಲ್ಲೇ ಗಂಟೆಗೆ ಸುಮಾರು 150 ಕಿ.ಮೀ. ವೇಗ ಮುಟ್ಟುತ್ತದೆ. ಅದಕ್ಕೆ ಇರುವುದು ಆರು ಗೇರ್. ರಸ್ತೆಯಲ್ಲಿ ಅದನ್ನು ಓಡಿಸುವವರು ಎರಡನೇ ಗೇರನ್ನು ಒಮ್ಮೆಯೂ ಪೂರ್ತಿ ಎಳೆಯದೆ ವರ್ಷಗಟ್ಟಲೆ ಕಳೆಯಬಹುದು. 300 ಸಿಸಿ ಬೈಕಿನಲ್ಲಿ ಹಾಗಾಗುವುದಿಲ್ಲ. ಮೊದಲನೇ ಗೇರ್ ಬೇಗ ಮುಗಿಯುತ್ತದೆ. ಎರಡು, ಮೂರು, ನಾಲ್ಕು ಅಂತ ಕಾಲು ಕೆಲಸ ಮಾಡುತ್ತಲೇ ಇರಬೇಕು. ಬೈಕಿನಲ್ಲಿ ಏನೇನಿದೆಯೋ ಅಷ್ಟೂ ನಮ್ಮ ಕೈಗೆ ಸಿಗುತ್ತದೆ.

ಆದರೂ ಈ ಬೈಕ್‌ಗಳ ಬಗ್ಗೆ ಒಂದು ಮಾತು ಎಲ್ಲೆಡೆ ಕೇಳಿಬರುತ್ತದೆ: ಇದು ಕಲಿಯುವವರ ಬೈಕ್, ಒಂದೆರಡು ವರ್ಷ ಓಡಿಸಿ ದೊಡ್ಡದಕ್ಕೆ ಹೋಗಿ. ನಾನೂ ಅದನ್ನೇ ನಂಬಿದ್ದೆ. ಇಪ್ಪತ್ತು ವರ್ಷ ಬೈಕ್ ಓಡಿಸಿದವರು ದೊಡ್ಡದನ್ನು ಮಾರಿ 250, 300, 400 ಸಿಸಿಗೆ ವಾಪಸ್ ಬರುವುದನ್ನು ನೋಡಿದ ಮೇಲೆ ಆ ಮಾತು ಎಲ್ಲಿಂದ ಹುಟ್ಟಿತು ಅನ್ನುವ ಕುತೂಹಲ ಬಂತು. ಹುಡುಕುತ್ತಾ ಹೋದರೆ ಸಿಕ್ಕಿದ್ದು ಬೇರೆಯೇ ಕಥೆ.

ಚಿಕ್ಕ ಎಂಜಿನ್‌ಗಳು ಒಂದು ಕಾಲಕ್ಕೆ ಜಗತ್ತಿನ ಅತ್ಯಂತ ಮುಂದುವರಿದ ಎಂಜಿನ್‌ಗಳಾಗಿದ್ದವು. 1954ರಲ್ಲಿ ಸೋಯಿಚಿರೊ ಹೋಂಡಾ ತಮ್ಮ ಕಂಪನಿ ಬ್ರಿಟನ್ ಪಕ್ಕದ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ನಡೆಯುವ ಟಿಟಿ ಬೈಕ್ ರೇಸಿಗೆ ಇಳಿಯಲಿದೆ ಎಂದು ಘೋಷಿಸಿದರು. ಐದು ವರ್ಷದ ನಂತರ, 1959ರಲ್ಲಿ, ಅವರ ತಂಡ ಅಲ್ಲಿಗೆ ಹೋಗಿದ್ದು 125 ಸಿಸಿ ಬೈಕ್‌ಗಳ ಜೊತೆ. ಗೆಲುವು ಸಿಗಲಿಲ್ಲ, ಆದರೆ ತಂಡಕ್ಕೆ ಕೊಡುವ ಪ್ರಶಸ್ತಿ ಬಂತು. 1961ರಲ್ಲಿ ಅದೇ ದ್ವೀಪದಲ್ಲಿ ಬ್ರಿಟನ್ನಿನ ರೇಸರ್ ಮೈಕ್ ಹೇಲ್‌ವುಡ್ ಹೋಂಡಾ ಬೈಕಿನಲ್ಲಿ 125 ಮತ್ತು 250 ಸಿಸಿ ಎರಡೂ ರೇಸ್ ಗೆದ್ದರು.

ಅದೇ ವರ್ಷ ಇನ್ನೊಂದು ಕಡೆ ಇನ್ನೊಂದು ಘಟನೆ ನಡೆಯಿತು. ಪೂರ್ವ ಜರ್ಮನಿಯ ಎಂಝಡ್ ಕಂಪನಿಯಲ್ಲಿ ವಾಲ್ಟರ್ ಕಾಡನ್ ಎಂಬ ಎಂಜಿನಿಯರ್ ಟೂ ಸ್ಟ್ರೋಕ್ (ಪಿಸ್ಟನ್ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋಗುವಷ್ಟರಲ್ಲೇ ಒಂದು ಸಲ ಪೆಟ್ರೋಲ್ ಸುಡುವ) ಎಂಜಿನ್ನಿನ ಹಣೆಬರಹವನ್ನೇ ಬದಲಿಸಿದ್ದರು. ಟೂ ಸ್ಟ್ರೋಕ್‌ನಲ್ಲಿ ಹೊಸ ಪೆಟ್ರೋಲ್ ಮಿಶ್ರಣ ಒಳಗೆ ಬರುವಾಗ ಸ್ವಲ್ಪ ಭಾಗ ಸೈಲೆನ್ಸರ್ ಕೊಳವೆಯ ಕಡೆಗೆ ಸುಮ್ನೆ ಹೋಗಿಬಿಡುತ್ತದೆ. ಕಾಡನ್ ಆ ಕೊಳವೆಯನ್ನು ನಡುವೆ ಉಬ್ಬಿಸಿ, ತುದಿಯಲ್ಲಿ ಕಿರಿದಾಗಿಸಿ ಅಳತೆಗೆ ತಂದರು. ಹೊರಗೆ ಹೋದ ಹೊಗೆಯ ಒತ್ತಡದ ಅಲೆ ತುದಿಗೆ ಬಡಿದು ಹಿಂದಕ್ಕೆ ಬರುತ್ತದೆ, ತಪ್ಪಿಸಿಕೊಳ್ಳುತ್ತಿದ್ದ ಮಿಶ್ರಣವನ್ನು ಸಿಲಿಂಡರ್ ಒಳಗೇ ತಳ್ಳುತ್ತದೆ. 125 ಸಿಸಿಯಿಂದ 25 ಹಾರ್ಸ್ ಪವರ್ ಬಂತು. ಆ ಬೈಕ್ ಓಡಿಸುತ್ತಿದ್ದ ಅರ್ನ್ಸ್ಟ್ ಡೆಗ್ನರ್ 1961ರ ಸ್ವೀಡನ್ ರೇಸಿನ ಹೊತ್ತಿಗೆ ದೇಶ ಬಿಟ್ಟು ಪಶ್ಚಿಮಕ್ಕೆ ಹೋದರು. ಕಾಡನ್ ಕಲಿಸಿದ ವಿದ್ಯೆ ಅವರ ಜೊತೆ ಸುಜುಕಿಗೆ ಹೋಯಿತು. 1962ರಲ್ಲಿ 50 ಸಿಸಿಗೆ ಮೊದಲ ಬಾರಿ ವಿಶ್ವ ಚಾಂಪಿಯನ್‌ಶಿಪ್ ನಡೆದಾಗ ಗೆದ್ದವರು ಸುಜುಕಿಯ ಡೆಗ್ನರ್. ವರ್ಷಗಟ್ಟಲೆ ದುಡಿದ ಕಾಡನ್‌ಗೆ ಮಾತ್ರ ಆ ಪಟ್ಟ ದಕ್ಕಲೇ ಇಲ್ಲ. ಈಗ ಓದಿದರೂ ನನಗೆ ಸಂಕಟವಾಗುತ್ತದೆ.

ಮುಂದಿನ ಐದಾರು ವರ್ಷ ನಡೆದ ಪೈಪೋಟಿ ಮತ್ತೆ ನಡೆದಿಲ್ಲ. ಹೋಂಡಾ 250 ಸಿಸಿಯನ್ನು ಆರು ಸಿಲಿಂಡರ್‌ಗಳಿಗೆ ಹಂಚಿತು. ಒಂದೊಂದು ಸಿಲಿಂಡರ್ ಹೆಚ್ಚೂಕಡಿಮೆ 41 ಸಿಸಿ. ಆರ್‌ಸಿ166 ಎಂಬ ಆ ಬೈಕ್ 18,000 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗ, 60 ಹಾರ್ಸ್ ಪವರ್ ಆಸುಪಾಸು ಕೊಡುತ್ತಿತ್ತು. 1966 ಮತ್ತು 1967ರಲ್ಲಿ ಹೇಲ್‌ವುಡ್ ಹೋಂಡಾದ ಆರು ಸಿಲಿಂಡರ್ ಬೈಕಿನಲ್ಲೇ 250 ಸಿಸಿ ಚಾಂಪಿಯನ್ ಆದರು.

ಅಷ್ಟೊಂದು ಸಿಲಿಂಡರ್ ಯಾಕೆ? ಪಿಸ್ಟನ್ ಮೇಲೆ ಹೋಗಿ ಒಂದು ಕ್ಷಣ ನಿಂತು ಮತ್ತೆ ಕೆಳಗೆ ಬರಬೇಕು. ಅದು ಭಾರವಾದಷ್ಟೂ, ಓಡುವ ದೂರ ಜಾಸ್ತಿಯಾದಷ್ಟೂ ಎಂಜಿನ್ ಬೇಗ ತನ್ನ ಮಿತಿ ತಲುಪುತ್ತದೆ. ಪಿಸ್ಟನ್ ಪುಟ್ಟದಾದರೆ ಅದೇ ಶ್ರಮದಲ್ಲಿ ಹೆಚ್ಚು ಸುತ್ತು ತಿರುಗುತ್ತದೆ. ಒಂದೊಂದು ಸುತ್ತಿನಲ್ಲಿ ಸುಡುವ ಪೆಟ್ರೋಲ್ ಕಡಿಮೆ, ಆದರೆ ನಿಮಿಷಕ್ಕೆ ಸುತ್ತುಗಳು ಜಾಸ್ತಿ. ಚಿಕ್ಕ ಎಂಜಿನ್ ಕಿರುಚುವುದು ಈ ಲೆಕ್ಕದಿಂದ.

ಸುಜುಕಿಯ 50 ಸಿಸಿ ರೇಸ್ ಬೈಕಿಗೆ 1967ರಲ್ಲಿ ಹದಿನಾಲ್ಕು ಗೇರ್ ಇತ್ತು. ಎಂಜಿನ್ನಿನ ಬಲ ಕೆಲವೇ ನೂರು ಆರ್‌ಪಿಎಂ ಅಂತರದಲ್ಲಿ ಮಾತ್ರ ಸಿಗುತ್ತಿತ್ತು. ಸ್ವಲ್ಪ ಕೆಳಗೆ ಬಂದರೆ ಬೈಕ್ ಸತ್ತಂತೆ. ಸವಾರ ಆ ಕಿರಿದಾದ ಜಾಗದಲ್ಲೇ ಎಂಜಿನ್ ಹಿಡಿದಿಡಬೇಕಿತ್ತು, ತಿರುವಿನಲ್ಲಿ ಒಂದಿಷ್ಟೂ ವೇಗ ಕಳೆದುಕೊಳ್ಳುವಂತಿರಲಿಲ್ಲ. ಖರ್ಚು ಕೈಮೀರುತ್ತಿದೆ ಎಂದು ಕ್ರೀಡೆಯನ್ನು ನಡೆಸುವ ಎಫ್‌ಐಎಂ 1969ರಿಂದ 50 ಸಿಸಿಗೆ ಒಂದೇ ಸಿಲಿಂಡರ್, ಆರೇ ಗೇರ್ ಎಂದು ನಿಯಮ ಮಾಡಿತು. ಆ ಅಧ್ಯಾಯ ಅಲ್ಲಿಗೆ ಮುಗಿಯಿತು. ಚಿಕ್ಕ ಬೈಕಿನಲ್ಲಿ ವೇಗ ಉಳಿಸಿಕೊಳ್ಳುವುದೇ ಕೈಚಳಕ ಎಂಬ ಪಾಠ ಮಾತ್ರ ಉಳಿಯಿತು.

ಹಾಗಾದರೆ ‘ಕಲಿಯುವವರ ಬೈಕ್’ ಎಂಬ ಹಣೆಪಟ್ಟಿ ಯಾರು ಅಂಟಿಸಿದರು? ಬಹುಪಾಲು ಲೈಸೆನ್ಸ್ ಕಾನೂನುಗಳು. ಬ್ರಿಟನ್ 1961ರಲ್ಲಿ ಕಲಿಯುವವರಿಗೆ 250 ಸಿಸಿ ಮಿತಿ ಹಾಕಿತು. 1971ರ ಕೊನೆಯಲ್ಲಿ ಹದಿನಾರು ವಯಸ್ಸಿನವರಿಗೆ 50 ಸಿಸಿ ಮೊಪೆಡ್ ಮಾತ್ರ ಎಂದಿತು. ಆಗ ಮೊಪೆಡ್ ಎಂದರೆ ಪೆಡಲ್ ಇರಲೇಬೇಕಿತ್ತು. ಯಮಹಾ ಎಫ್‌ಎಸ್1-ಇ ಎಂಬ ಬೈಕಿಗೆ ಪೆಡಲನ್ನೂ ಇಟ್ಟು, ಅದನ್ನೇ ಕಾಲಿಡುವ ಜಾಗವಾಗಿಯೂ ಮಾಡಿ ಮಾರಿತು. ನೋಡಲು ಪಕ್ಕಾ ಸ್ಪೋರ್ಟ್ಸ್ ಬೈಕ್. ಒಂದು ಇಡೀ ತಲೆಮಾರು ಅದರಲ್ಲೇ ಗೇರ್ ಹಾಕುವುದು ಕಲಿಯಿತು. ಇಟಲಿಯಲ್ಲಿ ಹದಿನಾರರ ಹುಡುಗರ ಕನಸು 125 ಸಿಸಿ ಟೂ ಸ್ಟ್ರೋಕ್. ಅಲ್ಲಿ ಬಂದ ಕಜೀವಾ ಮಿತೊ ಏಳು ಗೇರಿನ ಬೈಕ್. 1994ರ ಹೊತ್ತಿಗೆ ಅದರ ರೂಪ ಡುಕಾಟಿ 916 ಎಂಬ ದೊಡ್ಡ ಸ್ಪೋರ್ಟ್ಸ್ ಬೈಕಿನ ತಮ್ಮನಂತಾಯಿತು. ಮುಂದೆ ವಿಶ್ವ ಚಾಂಪಿಯನ್ ಆದ ವ್ಯಾಲೆಂಟಿನೊ ರೊಸ್ಸಿ ರೇಸ್ ಜೀವನದ ಆರಂಭದಲ್ಲಿ, 1993ರಲ್ಲಿ, ಓಡಿಸಿದ್ದು ಮಿತೊವನ್ನೇ.

ಕಾನೂನು ಬೈಕನ್ನು ರೂಪಿಸಿದ್ದಕ್ಕೆ ಜಪಾನ್‌ನಷ್ಟು ದೊಡ್ಡ ಉದಾಹರಣೆ ಬೇರೆ ಇಲ್ಲ. 1975ರಲ್ಲಿ ಅಲ್ಲಿ ಸಾಮಾನ್ಯ ಲೈಸೆನ್ಸಿಗೆ 400 ಸಿಸಿ ಮಿತಿ ಬಂತು. ಅದಕ್ಕಿಂತ ದೊಡ್ಡ ಬೈಕಿಗೆ ಬೇಕಿದ್ದ ಪರೀಕ್ಷೆ ಬಹಳ ಕಠಿಣ, ಹೆಚ್ಚಿನವರು ಪಾಸಾಗುತ್ತಿರಲಿಲ್ಲ. ಜೊತೆಗೆ 250 ಸಿಸಿವರೆಗಿನ ಬೈಕ್‌ಗೆ ಸರ್ಕಾರಿ ವಾಹನ ತಪಾಸಣೆಯ ಗೋಜಿಲ್ಲ. ದೊಡ್ಡ ಬೈಕ್ ಸಿಗದ ಲಕ್ಷಾಂತರ ಯುವಕರು, ಅವರ ಮುಂದೆ ನಾಲ್ಕು ದೊಡ್ಡ ಕಂಪನಿಗಳು. ಆಗ ಏನಾಗಬೇಕೋ ಅದೇ ಆಯಿತು. ತಮ್ಮಲ್ಲಿದ್ದ ಅತ್ಯುತ್ತಮ ತಂತ್ರಜ್ಞಾನವನ್ನೆಲ್ಲಾ ಅವು ಚಿಕ್ಕ ಬೈಕಿಗೆ ಸುರಿದವು.

1980ರಲ್ಲಿ ಯಮಹಾ ಆರ್‌ಝಡ್250 ಬಂತು. 1983ರಲ್ಲಿ ಸುಜುಕಿ ಆರ್‌ಜಿ250 ಗಾಮಾ ಅಲ್ಯೂಮಿನಿಯಂ ಫ್ರೇಮ್ ಹೊತ್ತು ಬಂತು, 45 ಹಾರ್ಸ್ ಪವರ್. ರೇಸ್ ಟ್ರ್ಯಾಕಿನಿಂದ ನೇರವಾಗಿ ಇಳಿದು ಬಂದಂತಿತ್ತು ಅದರ ನೋಟ. ಹೋಂಡಾ ಎನ್‌ಎಸ್‌ಆರ್250ಆರ್, ಯಮಹಾ ಟಿಝಡ್‌ಆರ್250 ಹಿಂದೆಯೇ ಬಂದವು. ಫೋರ್ ಸ್ಟ್ರೋಕ್ ಕಡೆ 1985ರ ಯಮಹಾ ಎಫ್‌ಝಡ್250ಗೆ ನಾಲ್ಕು ಸಿಲಿಂಡರ್, 16,000 ಆರ್‌ಪಿಎಂನಲ್ಲಿ ಕೆಂಪು ಗೆರೆ, ಅಂದರೆ ಎಂಜಿನ್ ದಾಟಬಾರದ ಮಿತಿ. ಆಮೇಲಿನ ಹೋಂಡಾ ಸಿಬಿಆರ್250ಆರ್‌ಆರ್‌ನಲ್ಲಿ ಆ ಗೆರೆ 18,000ಕ್ಕೂ ಏರಿತು. ಅರವತ್ತರ ದಶಕದಲ್ಲಿ ಹೇಲ್‌ವುಡ್‌ರಂಥವರಿಗೆ ಮಾತ್ರ ಸಿಗುತ್ತಿದ್ದ ಆ ಕೂಗು ಈಗ ಕಾಲೇಜಿಗೆ ಹೋಗುವ ಹುಡುಗನ ಬೈಕಿನಿಂದ ಬರುತ್ತಿತ್ತು. ನನ್ನ ಪ್ರಕಾರ ಚಿಕ್ಕ ಬೈಕಿನ ಚಿನ್ನದ ಕಾಲ ಇದೇ.

ಅದು ಬಹಳ ದಿನ ಬಾಳಲಿಲ್ಲ. ಜಪಾನಿನ ಆರ್ಥಿಕತೆ ಕುಸಿಯಿತು. ಹೊಗೆಯ ನಿಯಮಗಳು ಬಿಗಿಯಾಗಿ ಟೂ ಸ್ಟ್ರೋಕ್‌ಗಳು ಒಂದೊಂದಾಗಿ ಹೋದವು. 1996ರಲ್ಲಿ ದೊಡ್ಡ ಬೈಕಿನ ಲೈಸೆನ್ಸ್ ಡ್ರೈವಿಂಗ್ ಸ್ಕೂಲಿನಲ್ಲೇ ಪಡೆಯುವಂತಾಯಿತು, ಚಿಕ್ಕದರಲ್ಲೇ ಉಳಿಯುವ ಒತ್ತಾಯ ಹೋಯಿತು. ಉಳಿದುಕೊಂಡಿದ್ದು ಸದ್ದಿಲ್ಲದ ಒಂದು ಬೈಕ್: ಕಾವಾಸಾಕಿ ನಿಂಜಾ 250. 1988ರಿಂದ 2007ರವರೆಗೆ ಅದು ಬದಲಾಗಿದ್ದು ಬಹಳ ಕಡಿಮೆ. ಎರಡು ಸಿಲಿಂಡರ್, ಆರು ಗೇರ್, ಗಟ್ಟಿ ಎಂಜಿನ್. ಹೊಸಬರು ಕೊಳ್ಳುತ್ತಿದ್ದರು, ಮಾರುತ್ತಿದ್ದರು, ಇನ್ನೊಬ್ಬ ಹೊಸಬರು ಕೊಳ್ಳುತ್ತಿದ್ದರು.

2008ರಲ್ಲಿ ಆ ಬೈಕಿಗೆ ಹೊಸ ರೂಪ ಬಂತು. ಅದೇ ವರ್ಷ ಯಮಹಾ ಆರ್15 ಬಂದು 150 ಸಿಸಿಯಲ್ಲೂ ಲಿಕ್ವಿಡ್ ಕೂಲಿಂಗ್, ಆರು ಗೇರ್, ರೇಸ್ ಬೈಕಿನ ಮಾದರಿಯ ಫ್ರೇಮ್ ಕೊಡಬಹುದು ಎಂದು ತೋರಿಸಿತು. 2011ರಲ್ಲಿ ಹೋಂಡಾ ಸಿಬಿಆರ್250ಆರ್, 2013ರಲ್ಲಿ ನಿಂಜಾ 300, 2014ರಲ್ಲಿ ಕೆಟಿಎಂ ಆರ್‌ಸಿ390, 2015ರಲ್ಲಿ ಯಮಹಾ ಆರ್3. ಏಷ್ಯಾದ ದೊಡ್ಡ ಮಾರುಕಟ್ಟೆಗಳು ಒಂದು ಕಾರಣ. ಯುರೋಪಿನಲ್ಲಿ 2013ರ ಜನವರಿಯಿಂದ ಜಾರಿಗೆ ಬಂದ ಎ2 ಲೈಸೆನ್ಸ್ ಇನ್ನೊಂದು. ಅದು ಸಿಸಿ ನೋಡುವುದಿಲ್ಲ, ಬಲವನ್ನು 35 ಕಿಲೋವ್ಯಾಟ್‌ಗೆ ನಿಲ್ಲಿಸುತ್ತದೆ. ಈ ಹೊಸ ಬೈಕ್‌ಗಳು ಎಂಬತ್ತರ ದಶಕದವುಗಳಷ್ಟು ಕಿರುಚುವುದಿಲ್ಲ. ಒಂದು ಅಥವಾ ಎರಡು ಸಿಲಿಂಡರ್, ಕೆಳಗಿನ ಆರ್‌ಪಿಎಂನಲ್ಲೂ ಎಳೆಯುವ ಗುಣ. ನಿಂಜಾ 300ರಲ್ಲಿ ಬಂದ ಸ್ಲಿಪ್ಪರ್ ಕ್ಲಚ್ ಅವಸರದಲ್ಲಿ ಗೇರ್ ಇಳಿಸಿದಾಗ ಹಿಂದಿನ ಚಕ್ರ ಕುಪ್ಪಳಿಸದಂತೆ ತಡೆಯುತ್ತದೆ. ಅಲ್ಲಿಯವರೆಗೆ ಅದು ಹೆಚ್ಚಾಗಿ ದೊಡ್ಡ ಬೈಕ್‌ಗಳ ಸೊತ್ತಾಗಿತ್ತು.

ಇಷ್ಟು ಇತಿಹಾಸ. ಆದರೆ ಯಾವ ಕಾನೂನೂ ತಡೆಯದ, ಯಾವ ಬೈಕನ್ನಾದರೂ ಓಡಿಸಬಲ್ಲ ಸವಾರ ಚಿಕ್ಕದನ್ನೇ ಯಾಕೆ ಆರಿಸುತ್ತಾನೆ? ನನಗೆ ಇದು ಅರ್ಥವಾಗಿದ್ದು ಒಂದು ಟ್ರ್ಯಾಕಿನಲ್ಲಿ. ಬೆಳಿಗ್ಗೆ ಸಾವಿರ ಸಿಸಿ ಬೈಕಿನಲ್ಲಿದ್ದೆ. ನೇರ ದಾರಿ ಬಂದರೆ ಕಣ್ಣು ಮಂಜಾಗುವಷ್ಟು ವೇಗ, ಕೂಡಲೇ ಜೋರಾಗಿ ಬ್ರೇಕ್, ತಿರುವಿಗೆ ಹೋಗುವಾಗ ಮೈಯೆಲ್ಲಾ ಬಿಗಿ. ಮಧ್ಯಾಹ್ನ ಗೆಳೆಯನ 300 ಸಿಸಿ ಬೈಕ್ ಹತ್ತಿದೆ. ಅದೇ ತಿರುವುಗಳಲ್ಲಿ ನನಗೆ ಯೋಚಿಸಲು ಸಮಯ ಸಿಕ್ಕಿತು. ಎಲ್ಲಿ ಬ್ರೇಕ್ ಬಿಡಬೇಕು, ಕಣ್ಣು ಎಲ್ಲಿರಬೇಕು, ಮಂಡಿ ಹೇಗಿರಬೇಕು ಅನ್ನುವುದೆಲ್ಲಾ ಮೊದಲ ಸಲ ನಿಧಾನವಾಗಿ ಕಾಣಿಸಿತು.

ಕಾರಣ ತೂಕವೊಂದೇ ಅಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ತೂಕದ ವ್ಯತ್ಯಾಸ ಅಷ್ಟೇನಿಲ್ಲ. ಲೀಟರ್ ಬೈಕ್, ಅಂದರೆ ಸಾವಿರ ಸಿಸಿಯದು, 200 ಕೆ.ಜಿ. ಆಸುಪಾಸು, 300 ಸಿಸಿ ಬೈಕ್ 170 ಆಸುಪಾಸು. ದೊಡ್ಡ ವ್ಯತ್ಯಾಸ ನೇರ ದಾರಿಯ ಕೊನೆಯಲ್ಲಿದೆ. ಒಂದು ಬೈಕ್ 250 ಕಿ.ಮೀ. ವೇಗದಲ್ಲಿ, ಇನ್ನೊಂದು 170ರಲ್ಲಿ ತಿರುವಿನ ಹತ್ತಿರ ಬರುತ್ತವೆ ಅನ್ನಿ. ಚಲನೆಯ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಹಾಗಾಗಿ ದೊಡ್ಡ ಬೈಕಿನ ಬ್ರೇಕ್ ಎರಡು ಪಟ್ಟಿಗಿಂತ ಜಾಸ್ತಿ ಶಕ್ತಿಯನ್ನು ಅರಗಿಸಬೇಕು. ಅಲ್ಲಿ ಆಗುವ ಚಿಕ್ಕ ತಪ್ಪೂ ದೊಡ್ಡದಾಗುತ್ತದೆ.

ಟೈರ್ ಇನ್ನೊಂದು ಕಾರಣ. ಲೀಟರ್ ಬೈಕಿನ ಹಿಂದಿನ ಟೈರ್ 190 ಮಿ.ಮೀ. ಅಗಲ, 300 ಸಿಸಿಯದು ಸಾಮಾನ್ಯವಾಗಿ 140. ಬೈಕ್ ವಾಲಿದಾಗ ಅಗಲದ ಟೈರ್ ನೆಲ ಮುಟ್ಟುವ ಜಾಗ ನಡುವಿನಿಂದ ತುಂಬಾ ಪಕ್ಕಕ್ಕೆ ಸರಿಯುತ್ತದೆ. ಅದನ್ನು ಸರಿದೂಗಿಸಲು ಇನ್ನಷ್ಟು ವಾಲಿಸಬೇಕು. ಕಿರಿದಾದ ಟೈರಿನ ಬೈಕ್ ಅದೇ ತಿರುವನ್ನು ಅದೇ ವೇಗದಲ್ಲಿ ಕಡಿಮೆ ವಾಲಿ ದಾಟುತ್ತದೆ. ಎಂಜಿನ್ ಒಳಗೆ ತಿರುಗುವ ಭಾಗಗಳೂ ಹಗುರ, ಆದ್ದರಿಂದ ಹ್ಯಾಂಡಲ್ ಸ್ವಲ್ಪ ಒತ್ತಿದರೆ ಸಾಕು, ಬೈಕ್ ತಿರುಗುತ್ತದೆ.

ಇನ್ನು ತಪ್ಪು ಮುಚ್ಚಿಡುವ ವಿಷಯ. ದೊಡ್ಡ ಬೈಕಿನಲ್ಲಿ ತಿರುವಿನಲ್ಲಿ ನಿಧಾನವಾದರೆ ಹೊರಬರುವಾಗ ಥ್ರಾಟಲ್ ತಿರುಗಿಸಿ ಸರಿಮಾಡಿಕೊಳ್ಳಬಹುದು. ಚಿಕ್ಕ ಬೈಕಿನಲ್ಲಿ ಆ ಅವಕಾಶ ಇಲ್ಲ. ಕಳೆದುಕೊಂಡ ವೇಗ ಮತ್ತೆ ಬರಲು ಇಡೀ ನೇರ ದಾರಿ ಬೇಕು. ಹಾಗಾಗಿ ಅನುಭವಿ ಸವಾರನಿಗೂ ಅದು ಪ್ರತಿ ಸುತ್ತಿನಲ್ಲೂ ತಪ್ಪು ತೋರಿಸಿಕೊಡುತ್ತದೆ. 1978ರಿಂದ 1980ರವರೆಗೆ ಸತತ ಮೂರು ಬಾರಿ 500 ಸಿಸಿ ವಿಶ್ವ ಚಾಂಪಿಯನ್ ಆದ ಕೆನ್ನಿ ರಾಬರ್ಟ್ಸ್ ಕ್ಯಾಲಿಫೋರ್ನಿಯಾದ ತಮ್ಮ ಜಮೀನಿನಲ್ಲಿ ರೇಸರ್‌ಗಳಿಗೆ ತರಬೇತಿ ಕೊಡುತ್ತಿದ್ದುದು ಹೋಂಡಾ ಎಕ್ಸ್‌ಆರ್100 ಎಂಬ 100 ಸಿಸಿ ಬೈಕಿನಲ್ಲಿ, ಮಣ್ಣಿನ ಪುಟ್ಟ ಟ್ರ್ಯಾಕ್ ಮೇಲೆ. ಮುಂದೆ ಮೂರು ಸಲ 500 ಸಿಸಿ ಚಾಂಪಿಯನ್ ಆದ ವೇಯ್ನ್ ರೇನಿ ಅಲ್ಲಿ ಪಳಗಿದವರು.

ಕೊರತೆಗಳಿಲ್ಲ ಅಂತಲ್ಲ. ಹೆದ್ದಾರಿಯಲ್ಲಿ ಎದುರುಗಾಳಿ ಬಂದರೆ ಚಿಕ್ಕ ಎಂಜಿನ್ ಒದ್ದಾಡುತ್ತದೆ. ಹಿಂದೆ ಒಬ್ಬರು ಕೂತರೆ ಲಾರಿ ಓವರ್‌ಟೇಕ್ ಮಾಡಲು ಮೊದಲೇ ಲೆಕ್ಕ ಹಾಕಬೇಕು. ಬೆಲೆ ತಗ್ಗಿಸಲು ಕಂಪನಿಗಳು ಮೊದಲು ಕೈ ಹಾಕುವುದು ಸಸ್ಪೆನ್ಷನ್‌ಗೆ. ಚಿಕ್ಕದು ಅಂದಮಾತ್ರಕ್ಕೆ ಅಪಾಯವಿಲ್ಲ ಅನ್ನುವುದಂತೂ ಶುದ್ಧ ತಪ್ಪು. 300 ಸಿಸಿ ಬೈಕೂ 160 ಕಿ.ಮೀ. ದಾಟುತ್ತದೆ. ಹೆಲ್ಮೆಟ್, ಜಾಕೆಟ್, ಗ್ಲೌಸ್, ಬೂಟು ದೊಡ್ಡ ಬೈಕಿಗೆ ಹಾಕುವಂಥದ್ದೇ ಬೇಕು, ದಯವಿಟ್ಟು.

2017ರಲ್ಲಿ ಈ ಬೈಕ್‌ಗಳಿಗೇ ಒಂದು ವಿಶ್ವ ಮಟ್ಟದ ರೇಸ್ ಶುರುವಾಯಿತು, ಸೂಪರ್‌ಸ್ಪೋರ್ಟ್ 300. ಎಲ್ಲರ ಬಲವೂ ಹೆಚ್ಚೂಕಡಿಮೆ ಒಂದೇ ಆದ್ದರಿಂದ ಹತ್ತು ಹದಿನೈದು ಬೈಕ್‌ಗಳು ಒಂದರ ಬೆನ್ನಿಗೆ ಒಂದು ಅಂಟಿಕೊಂಡು ಹೋಗುತ್ತಿದ್ದವು. ಮುಂದಿನವನ ಹಿಂದೆ ಗಾಳಿ ಕಡಿಮೆ, ಅದನ್ನು ಬಳಸಿ ಕೊನೆಯ ಕ್ಷಣದಲ್ಲಿ ಮುನ್ನುಗ್ಗುವುದೇ ಆಟ. 2018ರಲ್ಲಿ ನಿಂಜಾ 400 ಓಡಿಸಿದ ಸ್ಪೇನಿನ ಆನಾ ಕರಾಸ್ಕೊ ಫ್ರಾನ್ಸಿನ ಮಾನಿ-ಕೂರ್ ಟ್ರ್ಯಾಕಿನಲ್ಲಿ ನಡೆದ ಕೊನೆಯ ರೇಸ್ ಮುಗಿದಾಗ ಎದುರಾಳಿಗಿಂತ ಒಂದೇ ಒಂದು ಅಂಕ ಮುಂದಿದ್ದರು. ಟಾರ್ ಟ್ರ್ಯಾಕಿನ ಬೈಕ್ ರೇಸಿನಲ್ಲಿ, ಒಬ್ಬರೇ ಸವಾರಿ ಮಾಡುವ ವಿಭಾಗದಲ್ಲಿ, ಪುರುಷರ ಜೊತೆ ಸ್ಪರ್ಧಿಸಿ ವಿಶ್ವ ಚಾಂಪಿಯನ್ ಆದ ಮೊದಲ ಮಹಿಳೆ ಅವರು.

2020ರಲ್ಲಿ ಕಾವಾಸಾಕಿ ಝಡ್‌ಎಕ್ಸ್-25ಆರ್ ತಂದಿತು. 250 ಸಿಸಿ, ನಾಲ್ಕು ಸಿಲಿಂಡರ್, ಕೆಂಪು ಗೆರೆ 17,000 ಆರ್‌ಪಿಎಂನಲ್ಲಿ. ಇದನ್ನು ಕೊಳ್ಳಲು ಯಾವ ಲೈಸೆನ್ಸ್ ನಿಯಮವೂ ಯಾರನ್ನೂ ಒತ್ತಾಯಿಸಿರಲಿಲ್ಲ. ಎಂಬತ್ತರ ದಶಕದ ಆ ಕೂಗನ್ನು ಮತ್ತೆ ಕೇಳಬೇಕು ಅಂದವರಿಗಾಗಿ ಅದು ಬಂತು. 2023ರಲ್ಲಿ ಅದರ 400 ಸಿಸಿ ಅಣ್ಣ ಝಡ್‌ಎಕ್ಸ್-4ಆರ್ ಕೂಡ ಬಂತು.