ಪ್ರತಿ ಪೋರ್ಟಿಗೂ ಒಂದೇ ಪ್ರಶ್ನೆ: ಆ ಕಡೆ ಇರುವುದಕ್ಕೆ ಟ್ಯಾಗ್ ಗೊತ್ತಾ?

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದ ಬೇಳೆ ಮಿಲ್ಲುಗಳಲ್ಲಿ ನೆಟ್‌ವರ್ಕ್ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಆಫೀಸಿನಲ್ಲಿ ಟ್ಯಾಲಿ ಕಂಪ್ಯೂಟರ್, ಗೇಟಿನ ಹತ್ತಿರ ವೇಬ್ರಿಜ್ ಕಂಪ್ಯೂಟರ್, ಗೋದಾಮಿನ ತುಂಬ ಕ್ಯಾಮೆರಾ. ಇವುಗಳ ಜೊತೆಗೆ ಲಾರಿ ಡ್ರೈವರ್‌ಗಳಿಗೂ ಪಾಸ್‌ವರ್ಡ್ ಗೊತ್ತಿರುವ ವೈಫೈ. ಎಲ್ಲವೂ ಒಂದೇ ನೆಟ್‌ವರ್ಕ್‌ನಲ್ಲಿ. ಅಂದರೆ ಯಾರದೋ ಫೋನಿನಲ್ಲಿರುವ ವೈರಸ್ಸಿಗೆ ನಿಮ್ಮ ಲೆಕ್ಕದ ಪುಸ್ತಕದ ತನಕ ದಾರಿ ಇದೆ. ಇದಕ್ಕೆ ಹೊಸ ವೈರಿಂಗ್ ಬೇಡ, ಇರುವ ಮ್ಯಾನೇಜ್ಡ್ ಸ್ವಿಚ್ಚಿನಲ್ಲೇ (ಸೆಟ್ಟಿಂಗ್ ಬದಲಾಯಿಸಲು ಬರುವ ಸ್ವಿಚ್) ವಿಲ್ಯಾನ್ ಮಾಡಿದರೆ ಸಾಕು, ಅಂದರೆ ಒಂದೇ ಸ್ವಿಚ್ಚನ್ನು ಹಲವು ಬೇರೆ ಬೇರೆ ನೆಟ್‌ವರ್ಕ್‌ಗಳಾಗಿ ಭಾಗ ಮಾಡುವುದು.

ವಿಲ್ಯಾನ್ ನಂಬರ್ 1ರಿಂದ 4094ರವರೆಗೆ ಇರಬಹುದು. 1 ಸಾಮಾನ್ಯವಾಗಿ ಸ್ವಿಚ್ಚಿನಲ್ಲಿ ಮೊದಲೇ ಇರುತ್ತದೆ, ಎಲ್ಲ ಪೋರ್ಟುಗಳೂ ಅದರಲ್ಲೇ ಇರುತ್ತವೆ. ಆಫೀಸಿಗೆ 10, ಕ್ಯಾಮೆರಾಕ್ಕೆ 20, ವೈಫೈಗೆ 30 ಅಂದುಕೊಳ್ಳೋಣ. ನಂಬರ್ ಸೃಷ್ಟಿಸುವುದು ಎರಡು ನಿಮಿಷದ ಕೆಲಸ. ಗಂಟು ಬೀಳುವುದು ಪೋರ್ಟುಗಳಲ್ಲಿ.

ವಿಲ್ಯಾನಿನ 802.1ಕ್ಯೂ ಪದ್ಧತಿಯಲ್ಲಿ ಫ್ರೇಮಿಗೆ, ಅಂದರೆ ಕೇಬಲ್ಲಿನಲ್ಲಿ ಓಡುವ ಡೇಟಾದ ಒಂದೊಂದು ತುಂಡಿಗೆ, 4 ಬೈಟಿನ ಟ್ಯಾಗ್ ಸೇರುತ್ತದೆ, ವಿಲ್ಯಾನ್ ನಂಬರ್ ಇರುವುದು ಅದರೊಳಗೆ. ಹಾಗಾಗಿ ಪ್ರತಿ ಪೋರ್ಟಿನ ಮುಂದೆ ನಿಂತು ಒಂದೇ ಪ್ರಶ್ನೆ ಕೇಳಿ: ಕೇಬಲ್ಲಿನ ಆ ತುದಿಯಲ್ಲಿ ಇರುವುದಕ್ಕೆ ಈ ಟ್ಯಾಗ್ ಅರ್ಥವಾಗುತ್ತಾ? ಕಂಪ್ಯೂಟರ್, ಪ್ರಿಂಟರ್, ಕ್ಯಾಮೆರಾಕ್ಕೆ ಸಾಮಾನ್ಯವಾಗಿ ಆಗುವುದಿಲ್ಲ. ಅಲ್ಲಿ ಅನ್‌ಟ್ಯಾಗ್ಡ್ ಇಡಿ, ಅಂದರೆ ಟ್ಯಾಗ್ ಇಲ್ಲದೆ ಕಳಿಸಲಿ. ಇನ್ನೊಂದು ಮ್ಯಾನೇಜ್ಡ್ ಸ್ವಿಚ್, ವಿಲ್ಯಾನ್ ಗೊತ್ತಿರುವ ರೌಟರ್, ಎರಡು-ಮೂರು ವೈಫೈ ಹೆಸರು ಬಿಡುವ ಆ್ಯಕ್ಸೆಸ್ ಪಾಯಿಂಟ್ ಇದ್ದರೆ ಟ್ಯಾಗ್ಡ್, ಅಂದರೆ ಟ್ರಂಕ್.

ಕಡಿಮೆ ಬೆಲೆಯ ಸ್ಮಾರ್ಟ್ ಸ್ವಿಚ್ಚುಗಳಲ್ಲಿ ಈ ಸೆಟ್ಟಿಂಗ್ ಎರಡು ಪುಟಗಳಲ್ಲಿ ಹಂಚಿಹೋಗಿರುತ್ತದೆ. ಮೆಂಬರ್‌ಶಿಪ್ ಪುಟ, ಯಾವ ವಿಲ್ಯಾನಿನ ಫ್ರೇಮ್ ಈ ಪೋರ್ಟಿನಿಂದ ಹೊರಗೆ ಹೋಗಬಹುದು ಎಂದು ಹೇಳುತ್ತದೆ. ಟ್ಯಾಗ್ ಇಲ್ಲದೆ ಒಳಗೆ ಬಂದ ಫ್ರೇಮ್ ಯಾವ ವಿಲ್ಯಾನಿಗೆ ಸೇರಬೇಕು ಎಂದು ಹೇಳುವುದು ಪಿವಿಐಡಿ. 5ನೇ ಪೋರ್ಟನ್ನು 20ಕ್ಕೆ ಸೇರಿಸಿ ಪಿವಿಐಡಿಯನ್ನು 1ರಲ್ಲೇ ಬಿಟ್ಟರೆ, ಕ್ಯಾಮೆರಾ ಕಳಿಸಿದ್ದು 1ಕ್ಕೆ ಹೋಗಿಬಿಡುತ್ತದೆ, ಕ್ಯಾಮೆರಾ ಚಿತ್ರ ರೆಕಾರ್ಡ್ ಮಾಡುವ ಎನ್‌ವಿಆರ್ 20ರಲ್ಲಿ ಕಾಯುತ್ತಾ ಕೂರುತ್ತದೆ. ಲೈಟ್ ಮಿನುಗುತ್ತದೆ, ಚಿತ್ರ ಬರುವುದಿಲ್ಲ. ಎಷ್ಟೋ ಜನ ಕೇಬಲ್ ಬದಲಾಯಿಸುವುದು ಆಗಲೇ! ಪಿವಿಐಡಿ ಸರಿಮಾಡಿ, ಆ ಪೋರ್ಟನ್ನು 1ರಿಂದ ತೆಗೆಯುವುದನ್ನೂ ಮರೆಯಬೇಡಿ.

ಸಿಸ್ಕೋ ಕಂಪನಿಯ ಸ್ವಿಚ್ಚುಗಳಿಗೆ ಬರೆಯುವ ಕಮಾಂಡಿನಲ್ಲಿ ಅಪಾಯ ಬೇರೆ. ಟ್ರಂಕಿಗೆ 30 ಸೇರಿಸುವಾಗ ‘ಅಲೋಡ್ ವಿಲ್ಯಾನ್’ ಆದ ಮೇಲೆ ‘ಆ್ಯಡ್’ ಬರೆಯುವುದು ಮರೆತರೆ ಹಳೆಯ ಪಟ್ಟಿ ಅಳಿಸಿಹೋಗಿ ಬರೀ 30 ಉಳಿಯುತ್ತದೆ. ಕೆಲಸದ ಹೊತ್ತಿನಲ್ಲಿ ಇದನ್ನು ಮಾಡಿದರೆ ಇಡೀ ಆಫೀಸು ನಿಲ್ಲುತ್ತದೆ.

‘ಇದು ಮಾಡಿದ್ರ ಸ್ಪೀಡ್ ಆಗ್ತದೇನ್ರೀ ಸರ್?’ ಎಂದು ಮಾಲೀಕರು ಕೇಳುತ್ತಾರೆ. ಎಲ್ಲ ಸಾಧನಗಳಿಗೂ ಒಟ್ಟಿಗೆ ಹೋಗುವ ಬ್ರಾಡ್‌ಕಾಸ್ಟ್ ಸಂದೇಶ ಕಡಿಮೆಯಾಗುತ್ತದೆ, ನಿಜ. ಆದರೆ 4 ಎಂಬಿಪಿಎಸ್‌ನ 16 ಕ್ಯಾಮೆರಾ ಅಂದರೆ 64 ಎಂಬಿಪಿಎಸ್. ಎರಡು ಸ್ವಿಚ್ಚಿನ ನಡುವಿನ ಲಿಂಕ್ 100 ಎಂಬಿಪಿಎಸ್‌ನದ್ದಾಗಿದ್ದರೆ ವಿಲ್ಯಾನ್ ಅದನ್ನು ಅಗಲ ಮಾಡುವುದಿಲ್ಲ. ಅಲ್ಲಿ ಗಿಗಾಬಿಟ್ ಲಿಂಕೇ ಬೇಕು. ಎನ್‌ವಿಆರನ್ನೂ ಕ್ಯಾಮೆರಾಗಳ ವಿಲ್ಯಾನಿನಲ್ಲೇ ಇಡಿ, ಇಲ್ಲದಿದ್ದರೆ ಅಷ್ಟೂ ವಿಡಿಯೋ ಸುಮ್ನೆ ರೌಟರ್ ಸುತ್ತಿಕೊಂಡು ಬರುತ್ತದೆ.

ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಹೋಗುವುದು ಜಾಸ್ತಿ ಅಲ್ವಾ? ಹಲವು ಸ್ವಿಚ್ಚುಗಳಲ್ಲಿ ಮಾಡಿದ ಬದಲಾವಣೆಯನ್ನು ಬೇರೆಯಾಗಿ ಸೇವ್ ಮಾಡಬೇಕು. ಮಾಡದಿದ್ದರೆ ಕರೆಂಟ್ ಹೋಗಿ ಬಂದ ಮೇಲೆ ಹಳೆಯ ಸೆಟ್ಟಿಂಗೇ ಏಳುತ್ತದೆ. ಇದನ್ನೇ ನಾನು ಉಪಯೋಗಕ್ಕೂ ಬಳಸುತ್ತೇನೆ. ಅಪ್‌ಲಿಂಕ್ ಪೋರ್ಟನ್ನು (ರೌಟರ್ ಅಥವಾ ಮುಖ್ಯ ಸ್ವಿಚ್ಚಿನ ಕಡೆಗೆ ಹೋಗುವ ಪೋರ್ಟ್) ಎಲ್ಲಕ್ಕಿಂತ ಕೊನೆಗೆ ಮುಟ್ಟುತ್ತೇನೆ, ಪರೀಕ್ಷೆ ಆಗುವ ತನಕ ಸೇವ್ ಮಾಡುವುದಿಲ್ಲ. ಸ್ವಿಚ್ಚಿಗೆ ದಾರಿಯೇ ತಪ್ಪಿಹೋದರೆ ಆಫ್ ಮಾಡಿ ಆನ್ ಮಾಡಿದರಾಯಿತು. ಅಪ್ಲೈ ಒತ್ತಿದ ಕೂಡಲೇ ಸೇವ್ ಆಗುವ ಮಾಡೆಲ್‌ಗಳಲ್ಲಿ ಈ ಉಪಾಯ ನಡೆಯದು, ಮೊದಲೇ ನೋಡಿಕೊಳ್ಳಿ.

ಇಷ್ಟಾದರೂ ಕೆಲಸ ಮುಗಿದಿಲ್ಲ. ಎಷ್ಟೋ ರೌಟರ್‌ಗಳು ನೀವು ಬೇರೆ ಮಾಡಿದ ವಿಲ್ಯಾನುಗಳನ್ನು ತಾವಾಗಿಯೇ ಮತ್ತೆ ಜೋಡಿಸುತ್ತವೆ. ರೌಟರಿನ ಫೈರ್‌ವಾಲಿನಲ್ಲಿ, ಅಂದರೆ ಯಾವುದು ಎಲ್ಲಿಗೆ ಹೋಗಬಹುದು ಎಂಬ ನಿಯಮಗಳಲ್ಲಿ, 30ರಿಂದ 10ಕ್ಕೂ 20ಕ್ಕೂ ಹೋಗುವುದನ್ನು ತಡೆಯಿರಿ, ಇಂಟರ್ನೆಟ್ ಮಾತ್ರ ಬಿಡಿ. ಆಮೇಲೆ ವೈಫೈ ಹಿಡಿದ ಫೋನಿನಿಂದ ಟ್ಯಾಲಿ ಕಂಪ್ಯೂಟರಿಗೂ ಎನ್‌ವಿಆರಿಗೂ ಪಿಂಗ್ ಮಾಡಿ ನೋಡಿ, ಅಂದರೆ ಒಂದು ಸಣ್ಣ ಸಂದೇಶ ಕಳಿಸಿ ಉತ್ತರ ಬರುತ್ತಾ ನೋಡಿ. ಎರಡರಿಂದಲೂ ಉತ್ತರ ಬರಬಾರದು. ಬರದಿದ್ದರೆ ಸೇವ್ ಒತ್ತಿ, ಸ್ವಿಚ್ಚನ್ನು ಒಮ್ಮೆ ಆರಿಸಿ ಹಚ್ಚಿ, ಅದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.