ಬಿಡು ಅಂದಷ್ಟಕ್ಕೆ ಬಿಡೋಕಾಗಲ್ಲ

ಮೈ ಮಾರಿ ಬದುಕುವ ಹೆಂಗಸರಿರುವ ಪುಣೆಯ ಬುಧವಾರ ಪೇಟೆಯ ಗಲ್ಲಿಗಳಲ್ಲಿ ಕನ್ನಡ ಕಿವಿಗೆ ಬಿದ್ದರೆ ಆಶ್ಚರ್ಯವೇನಿಲ್ಲ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದವರು, ಯಾರೋ ಕರೆತಂದು ಮಾರಿದವರು, ದೇವದಾಸಿಯಾಗಿ ಮುತ್ತು ಕಟ್ಟಿಸಿಕೊಂಡವರು ಎಲ್ಲರೂ ಇದ್ದಾರೆ. ಮುತ್ತು ಕಟ್ಟುವುದನ್ನು ಕರ್ನಾಟಕ 1982ರ ಕಾನೂನಿನಲ್ಲೇ ನಿಷೇಧಿಸಿತ್ತು, ಆದರೂ ಈ ದಾರಿ ಪೂರ್ತಿ ಮುಚ್ಚಲಿಲ್ಲ. ಇವರಲ್ಲಿ ಎಷ್ಟೋ ಜನ ಕುಡಿಯುವುದು ಮಜಾಕ್ಕಲ್ಲ. ಒಲ್ಲದ ಗಿರಾಕಿ ಜೊತೆ ಇರಬೇಕಲ್ಲ, ಆ ಹೇಸಿಗೆ, ಭಯ ಒಂಚೂರು ಮಂಕಾಗಲಿ ಅಂತ ಒಂದು ಕ್ವಾರ್ಟರ್.

ಮಂಕಾಗುವುದು ಹೇಗೆ? ಮಿದುಳಿನಲ್ಲಿ ಗಾಬಾ ಅನ್ನೋ ರಾಸಾಯನಿಕ ನರಗಳನ್ನು ತಣ್ಣಗಿಡುತ್ತದೆ, ಗ್ಲುಟಮೇಟ್ ಅನ್ನೋದು ಕೆರಳಿಸುತ್ತದೆ. ಮದ್ಯ ಮೊದಲನೆಯದಕ್ಕೆ ಬಲ ಕೊಟ್ಟು ಎರಡನೆಯದನ್ನು ಅಡಗಿಸುತ್ತದೆ. ದಿನಾ ಕುಡಿದರೆ ಮಿದುಳು ಸುಮ್ನೆ ಇರಲ್ಲ, ಗಾಬಾಗೆ ಸ್ಪಂದಿಸುವುದನ್ನು ಕಡಿಮೆ ಮಾಡಿ ಕೆರಳುವುದನ್ನು ಜಾಸ್ತಿ ಮಾಡಿಕೊಳ್ಳುತ್ತದೆ. ಈಗ ಒಮ್ಮೆಲೇ ನಿಲ್ಲಿಸಿದರೆ ಆರೆಂಟು ಗಂಟೆಯಲ್ಲೇ ಕೈನಡುಕ, ಬೆವರು, ಕೆಲವರಿಗೆ 48 ಗಂಟೆಯೊಳಗೆ ಫಿಟ್ಸ್, ಆಮೇಲೆ ಇಲ್ಲದ್ದೆಲ್ಲ ಕಣ್ಣಿಗೆ ಕಾಣುವ ಸನ್ನಿ. ಜೀವವೇ ಹೋಗಬಹುದು. ಹಾಗಾಗಿ ಒಳ್ಳೇ ಮನಸ್ಸಿನಿಂದಲೇ ಆದರೂ ಕೋಣೆಯಲ್ಲಿ ಕೂಡಿಹಾಕಿ ಕುಡಿತ ಬಿಡಿಸಬೇಡಿ. ಆಸ್ಪತ್ರೆಯಲ್ಲಾದರೆ ಮದ್ಯದ ಬದಲು ನರಗಳನ್ನು ತಣ್ಣಗಿಡುವ ಮಾತ್ರೆ ಕೊಟ್ಟು ಅದರ ಪ್ರಮಾಣ ದಿನದಿನಕ್ಕೆ ಇಳಿಸುತ್ತಾರೆ, ಊಟ ಬಿಟ್ಟು ಕುಡಿದವಳ ಮೈಯಲ್ಲಿ ಬಿ1 ಜೀವಸತ್ವ ಬರಿದಾಗಿರುತ್ತದೆ ಅಂತ ಅದನ್ನೇ, ಅಂದರೆ ಥಯಮಿನ್ ಇಂಜೆಕ್ಷನ್ ಕೊಡುತ್ತಾರೆ.

ಇಷ್ಟಾದರೆ ಮೊದಲ ವಾರ ದಾಟಿತು. ಆಮೇಲೆ? ಅದೇ ಕೋಣೆ, ಧಂಧೆ ನಡೆಸುವ ಅದೇ ಘರ್‌ವಾಲಿ, ಅದೇ ಸಾಲ. ಆ ಮೆಟ್ಟಿಲು ಹತ್ತಿದರೇ ಸಾಕು, ಮಿದುಳು ಕುಡಿತ ಬೇಡುತ್ತದೆ.

ಅಮೆರಿಕದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಚಟ ಹತ್ತಿದ ಇಲಿಗಳಿಗೆ ಎರಡು ಸನ್ನೆಗೋಲು ಇಟ್ಟಿದ್ದರು: ಒಂದನ್ನು ಒತ್ತಿದರೆ ಮಾದಕವಸ್ತು, ಇನ್ನೊಂದನ್ನು ಒತ್ತಿದರೆ ಇನ್ನೊಂದು ಇಲಿಯ ಜೊತೆ. ಬಹುಪಾಲು ಇಲಿಗಳು ಜೊತೆಯನ್ನೇ ಆರಿಸಿಕೊಂಡವು. ಇಲಿಗೆ ಸಾಲ ತೀರಿಸುವುದಿರಲಿಲ್ಲ, ನಿಜ. ಆದರೂ ಜೊತೆ ಅನ್ನುವುದು ಔಷಧದ ಪಕ್ಕದಲ್ಲೇ ಇಡಬೇಕಾದ ಚಿಕಿತ್ಸೆ ಅಂತ ನನಗನ್ನಿಸುತ್ತದೆ.

ಆದರೆ ಜೊತೆ ಅಂದರೆ ಬರೀ ಸಮಾಧಾನದ ಮಾತಲ್ಲ. ಅಡ್ಮಿಟ್ ಆಗು ಅಂದರೆ ಅವಳು ಕೇಳುವ ಮೊದಲ ಪ್ರಶ್ನೆಯೇ ಮಗು ರಾತ್ರಿ ಎಲ್ಲಿ ಮಲಗಬೇಕು ಅಂತ. ಮುಂಬೈನ ಕಾಮಾಠಿಪುರದಲ್ಲಿ ಪ್ರೇರಣಾ ಸಂಸ್ಥೆ 1980ರ ದಶಕದಲ್ಲೇ ಮಕ್ಕಳಿಗಾಗಿ ರಾತ್ರಿ ಆಸರೆ ಕೇಂದ್ರ ತೆರೆದಿತ್ತು. ಪುಣೆಯಲ್ಲಿ 1986ರಿಂದ ವ್ಯಸನಮುಕ್ತಿ ಕೆಲಸ ಮಾಡುತ್ತಿರುವ ಮುಕ್ತಾಂಗಣದಲ್ಲಿ ಹೆಂಗಸರಿಗೆ ಬೇರೆ ವಿಭಾಗವೇ ಇದೆ. ಮತ್ತೆ ಕುಡಿದು ಬಂದವಳನ್ನು ಹೊರಗೆ ಹಾಕದೆ, ನಿನ್ನೆ ರಾತ್ರಿ ಏನಾಯ್ತಕ್ಕಾ ಅಂತ ಕೇಳೋರು ಬೇಕು. ಹಾಗೆ ಕೇಳುವವಳೂ ಹಿಂದೆ ಅದೇ ಧಂಧೆಯಲ್ಲಿದ್ದ ಹೆಂಗಸಾದರೆ ಇನ್ನೂ ಒಳ್ಳೆಯದು, ಯಾವ ಗಿರಾಕಿ ಬಲವಂತವಾಗಿ ಕುಡಿಸುತ್ತಾನೆ ಅಂತ ಅವಳಿಗೆ ಗೊತ್ತಿರುತ್ತದೆ.

ಸರ್ಕಾರದ 14446 ನಂಬರಿಗೆ ಫೋನ್ ಮಾಡಿ ಹತ್ತಿರದ ಕೇಂದ್ರದ ಬಗ್ಗೆ ಕೇಳಬಹುದು. ಅವಳಿಗೆ ಮರಾಠಿ, ಹಿಂದಿ ಅಷ್ಟಾಗಿ ಬರದಿದ್ದರೆ ಜೊತೆಗೆ ನೀವೂ ಹೋಗಿ, ಎಷ್ಟು ಕುಡಿಯುತ್ತಾಳೆ, ಕೊನೇ ಸಲ ಯಾವಾಗ ಕುಡಿದಳು ಅನ್ನೋದನ್ನ ಡಾಕ್ಟರಿಗೆ ಸರಿಯಾಗಿ ಹೇಳಬೇಕಲ್ವಾ.