ಪೇಟೆಂಟ್ ಮುಗಿದ ಮೇಲೆ ಕಾರ್ನ್‌ವಾಲ್‌ನಲ್ಲಿ ನಡೆದದ್ದು

ಪೇಟೆಂಟ್‌ಗಳು ಹೆಚ್ಚಿದಷ್ಟೂ ತಂತ್ರಜ್ಞಾನ ಬೆಳೆಯುತ್ತದೆ ಎಂಬ ಮಾತನ್ನು ಒಪ್ಪುವ ಮೊದಲು ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನ ಗಣಿಗಳ ಕಥೆಯನ್ನು ತಿಳಿಯಬೇಕು.

ತಾಮ್ರ ಮತ್ತು ತವರದ ಆ ಗಣಿಗಳಿಂದ ನೀರೆತ್ತಲು ಉಗಿಯಂತ್ರ ಬೇಕಿತ್ತು, ಆದರೆ ಕಲ್ಲಿದ್ದಲು ವೇಲ್ಸ್‌ನಿಂದ ಹಡಗಿನಲ್ಲಿ ಬರಬೇಕಿತ್ತು. ಆದ್ದರಿಂದ ಉಗಿಯನ್ನು ಸಿಲಿಂಡರಿನ ಹೊರಗೆ ಬೇರೆ ಪಾತ್ರೆಯಲ್ಲಿ ತಣಿಸಿ ಇಂಧನ ಉಳಿಸುವ ಜೇಮ್ಸ್ ವಾಟ್‌ನ ಯಂತ್ರಕ್ಕೆ ಅಲ್ಲಿ ದೊಡ್ಡ ಬೇಡಿಕೆ ಹುಟ್ಟಿತು. ವಾಟ್ 1769ರಲ್ಲಿ ಪಡೆದ ಪೇಟೆಂಟನ್ನು ಬ್ರಿಟಿಷ್ ಸಂಸತ್ತು 1775ರಲ್ಲಿ 1800ರವರೆಗೆ ವಿಸ್ತರಿಸಿತು. ಆ ಭರವಸೆಯಿಲ್ಲದೆ ವಾಟ್‌ನ ವ್ಯಾಪಾರದ ಪಾಲುದಾರ ಮ್ಯಾಥ್ಯೂ ಬೋಲ್ಟನ್ ಅಷ್ಟು ಬಂಡವಾಳ ಹೂಡುತ್ತಿದ್ದನೆಂದು ನನಗೂ ಅನ್ನಿಸುವುದಿಲ್ಲ. ಆದರೆ ಹಳೆಯ ಯಂತ್ರಕ್ಕೆ ಹೋಲಿಸಿದರೆ ಉಳಿತಾಯವಾದ ಕಲ್ಲಿದ್ದಲಿನ ಬೆಲೆಯ ಮೂರನೆಯ ಒಂದು ಪಾಲನ್ನು ಗಣಿಯವರು ಅವರಿಬ್ಬರಿಗೆ ತೆರಬೇಕಿತ್ತು. ಎರಡು ಸಿಲಿಂಡರುಗಳ ಯಂತ್ರ ಕಟ್ಟಿದ ಜೊನಾಥನ್ ಹಾರ್ನ್‌ಬ್ಲೋವರ್‌ಗೆ ವಾಟ್‌ನ ಹಕ್ಕೇ ಅಡ್ಡವಾಯಿತು.

ಪೇಟೆಂಟ್ ಅವಧಿ ಮುಗಿದು ಕೆಲವು ವರ್ಷ ಕಳೆದ ಮೇಲೆ, 1811ರಿಂದ, ಜೋಯೆಲ್ ಲೀನ್ ಎಂಬ ಗಣಿ ಮೇಲ್ವಿಚಾರಕ ಪ್ರತಿ ತಿಂಗಳೂ ಒಂದು ವರದಿ ಹೊರತರತೊಡಗಿದ. ಯಾವ ಯಂತ್ರದ ರಚನೆ ಹೇಗಿದೆ, ಒಂದು ಅಳತೆ ಕಲ್ಲಿದ್ದಲಿಗೆ ಅದು ಎಷ್ಟು ನೀರೆತ್ತಿತು ಎಂಬುದೆಲ್ಲ ಅದರಲ್ಲಿ ಬಹಿರಂಗವಾಗಿರುತ್ತಿತ್ತು. ಮೂರು ದಶಕಗಳಲ್ಲಿ ಅಲ್ಲಿನ ಯಂತ್ರಗಳ ಸರಾಸರಿ ದಕ್ಷತೆ ದುಪ್ಪಟ್ಟನ್ನೂ ಮೀರಿತು.

ಇದು ಸಾಧ್ಯವಾದದ್ದು ಜ್ಞಾನದ ಒಂದು ವಿಚಿತ್ರ ಗುಣದಿಂದ. ನೆರೆಮನೆಯವರು ಒಂದು ಸೇರು ಅಕ್ಕಿ ಒಯ್ದರೆ ನಮ್ಮ ಡಬ್ಬಿಯಲ್ಲಿ ಅಷ್ಟು ಕಡಿಮೆಯಾಗುತ್ತದೆ. ಹೆಪ್ಪಿಗೆಂದು ಒಂದು ಚಮಚ ಮೊಸರು ಒಯ್ದರೆ ಅವರ ಮನೆಯಲ್ಲೂ ಒಂದು ಪಾತ್ರೆ ಮೊಸರಾಗುತ್ತದೆ, ನಾಳೆ ನಮ್ಮ ಹೆಪ್ಪು ಕೆಟ್ಟರೆ ಅವರಲ್ಲೇ ಕೇಳಬಹುದು. ಹೆಪ್ಪಿಗೂ ಒಂದು ಚಮಚ ಖರ್ಚಾಗುತ್ತದೆ, ದೀಪದಿಂದ ದೀಪ ಹಚ್ಚಿದರೆ ಅದೂ ಇಲ್ಲ. ಸಿಲಿಂಡರಿಗೆ ಉಗಿ ಬಿಡುವ ಕವಾಟವನ್ನು ಯಾವ ಕ್ಷಣದಲ್ಲಿ ಮುಚ್ಚಬೇಕೆಂಬ ಅರಿವು ಸಾವಿರ ಗಣಿಗಳಿಗೆ ಹೋದರೂ ಮೊದಲ ಗಣಿಯಲ್ಲಿ ಸವೆಯುವುದಿಲ್ಲ. ಈ ಗುಣವನ್ನೇ ಆರ್ಥಿಕ ಬೆಳವಣಿಗೆಯ ಸಿದ್ಧಾಂತದ ನಡುವೆ ಇಟ್ಟು ಪಾಲ್ ರೋಮರ್ 1990ರಲ್ಲಿ ಪ್ರಬಂಧ ಬರೆದರು. 2018ರಲ್ಲಿ ಅವರಿಗೆ ನೊಬೆಲ್ ಬಂತು.

ಕಾರ್ನ್‌ವಾಲ್‌ಗೆ ಇನ್ನೊಂದು ಅನುಕೂಲವಿತ್ತು. ಅಲ್ಲಿನ ಹೂಡಿಕೆದಾರರಲ್ಲಿ ಅನೇಕರಿಗೆ ಹಲವು ಗಣಿಗಳಲ್ಲಿ ಪಾಲಿದ್ದುದರಿಂದ ಒಂದು ಗಣಿಯ ಗುಟ್ಟು ಇನ್ನೊಂದಕ್ಕೆ ತಿಳಿದರೆ ಅವರಿಗೆ ಲಾಭವೇ ಆಗುತ್ತಿತ್ತು. ಔಷಧ ಹಾಗಲ್ಲ: ಪರೀಕ್ಷೆಗಳಿಗೆ ಅಪಾರ ಹಣ ಬೇಕು, ನಕಲು ಸುಲಭ. ಇಷ್ಟು ಭಿನ್ನವಾದ ಕ್ಷೇತ್ರಗಳಿಗೆಲ್ಲ 1995ರಲ್ಲಿ ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದ ಕನಿಷ್ಠ 20 ವರ್ಷಗಳ ಒಂದೇ ಅವಧಿಯನ್ನು ಗೊತ್ತುಮಾಡಿದೆ.